ಖಾಲಿ ಪೊರೆಯ ರೋಧ

ಸಂಶೋಧನೆಗೆಂದು ಜರ್ಮನಿಯ ಲೈಪ್ಜಿಗ್‌ಗೆ ಬಂದ ಮೊದಲ ಭಾನುವಾರ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಕೆಳಮನೆಯ ಮುದುಕಿ ಬಂದು ‘ರೂಹೆಟ್ಸೈಟ್’ ಎಂದು ಸಿಡುಕಿದಳು. ಸದ್ದು ಮಾಡಬಾರದ ಹೊತ್ತು ಎಂದರ್ಥವಂತೆ. ನಮ್ಮ ಮಸ್ಕಿಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳದಿದ್ದರೆ, ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಲು ಬರುತ್ತಾರೆ.

ಸಿಂಧನೂರು ಬಸ್‌ ಸ್ಟ್ಯಾಂಡಿನಲ್ಲಿ ಕೂತರೆ ಪಕ್ಕದವರು ಊರು, ಮನೆತನ, ಮದುವೆ ಎಲ್ಲ ಕೇಳಿ ಮುಗಿಸುತ್ತಾರೆ. ಇಲ್ಲಿ ಮೂರು ತಿಂಗಳಾದರೂ ಯಾರೂ ಹೆಸರು ಕೇಳಲಿಲ್ಲ. ಹಾಗಾಗಿ ಪ್ರಯೋಗಾಲಯದಲ್ಲಿ ಮೈಸೂರಿನ ಸುಹಾಸ್ ಸಿಕ್ಕಾಗ ಕಣ್ಣಲ್ಲಿ ನೀರೇ ಬಂತು. ಅವನೋ ನನ್ನ ‘ಬರಾಕತ್ತೀನಿ’ಯನ್ನು ಫೋನಿನಲ್ಲಿ ಗೆಳೆಯರಿಗೆ ಅಣಕಿಸಿ ತೋರಿಸುತ್ತಿದ್ದ. ನುಂಗಿಕೊಂಡೆ. ಆಮೇಲೊಮ್ಮೆ ನನ್ನ ಅಳತೆಗಳನ್ನೇ ತನ್ನವೆಂದು ಸಭೆಯಲ್ಲಿ ತೋರಿಸಿದ. ಅದನ್ನು ನುಂಗಲಾಗಲಿಲ್ಲ.

ನನ್ನ ಕೆಲಸವಿಷ್ಟು: ಕರುಳಿನ ಒಳಪದರದ ಜೀವಕೋಶಗಳನ್ನು ತೆಳು ಪೊರೆಯ ಮೇಲೆ ಬೆಳೆಸಿ, ಔಷಧ ಹಾಕಿ, ಆಚೀಚೆ ಲೋಹದ ಕಡ್ಡಿ ಇಟ್ಟು ವಿದ್ಯುತ್ ರೋಧ ಅಳೆಯುವುದು. ಕೋಶಗಳು ಬಿಗಿಯಾಗಿ ಕೂಡಿಕೊಂಡಿದ್ದರೆ ರೋಧ ಹೆಚ್ಚು, ಸಂದು ಬಿಟ್ಟರೆ ಕಡಿಮೆ. ಆದರೆ ಕೋಶಗಳಿಲ್ಲದ ಖಾಲಿ ಪೊರೆಗೂ ಒಂದಿಷ್ಟು ರೋಧವಿದೆ. ಅದನ್ನು ಕಳೆಯದಿದ್ದರೆ ಲೆಕ್ಕ ಸುಳ್ಳು. ಲಿಂಗಸುಗೂರಿನ ಕಾಲೇಜಿನಲ್ಲಿ ಒಂದು ಮೀಟರಿಗೆ ಹತ್ತು ಜನ ಕಾಯುತ್ತಿದ್ದೆವು; ಸರದಿ ಬಂದಾಗ ತಪ್ಪು ಮಾಡುವಂತಿರಲಿಲ್ಲ.

ಆ ಸಭೆಯಾಗಿ ಕೆಲವು ವಾರಕ್ಕೆ, ಒಂದು ಮಧ್ಯಾಹ್ನ ಸುಹಾಸ್ ನನ್ನ ನೋಟ್‌ಬುಕ್ಕಿನ ಫೋಟೊ ತೆಗೆಯುವುದನ್ನು ಬಾಗಿಲಲ್ಲೇ ನಿಂತು ನೋಡಿದೆ. ಆ ಪುಟದಲ್ಲಿ ಖಾಲಿ ಪೊರೆಯ ರೋಧ ಇನ್ನೂ ಕಳೆದಿರಲಿಲ್ಲ. ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನ ಸಭೆಗೆ ಹಬ್ಬಕ್ಕೆ ಕಾಯುವಂತೆ ಕಾದೆ.

‘ಔಷಧ ಹಾಕಿದ ಮೇಲೂ ಪದರ ಗಟ್ಟಿಯಾಗಿದೆ’ ಎಂದ ಸುಹಾಸ್.

‘ಖಾಲಿ ಪೊರೆಯದು ಎಷ್ಟಿತ್ತು?’ ಪ್ರೊಫೆಸರ್ ಕೇಳಿದರು.

ಅವನು ಹಾಳೆ ಮಗುಚಿ ಹುಡುಕತೊಡಗಿದ. ನಾನು ಎದ್ದು, ನೋಟ್‌ಬುಕ್ ತೆರೆದು ಅವರ ಮುಂದಿಟ್ಟೆ. ಅದೇ ಅಂಕಿಗಳು, ನನ್ನ ಕೈಬರಹ; ಮುಂದಿನ ಪುಟದಲ್ಲಿ ಖಾಲಿ ಪೊರೆಯದನ್ನು ಕಳೆದ ಲೆಕ್ಕ. ಉಳಿದ ರೋಧ ಅತ್ಯಲ್ಪ; ಪದರ ಹರಿದಿತ್ತು.

ಸಭೆ ಮುಗಿದ ಮೇಲೆ ಸುಹಾಸ್ ಮೆಟ್ಟಿಲಲ್ಲಿ ಅಡ್ಡಗಟ್ಟಿದ. ‘ಮೊದಲೇ ಹೇಳಬಹುದಿತ್ತಲ್ವಾ?’

‘ಕದಿಯೋ ಮುಂದ ನೀ ನನ್ನ ಕೇಳಿದ್ದೇನು?’ ನಮ್ಮೂರಿನ ಕನ್ನಡದಲ್ಲೇ ಹೇಳಿದೆ.

ವಾರದೊಳಗೆ ಅವನನ್ನು ನಮ್ಮ ತಂಡದಿಂದ ತೆಗೆದರು. ಮಸ್ಕಿಗೆ ಫೋನ್ ಮಾಡಿದೆ. ‘ಅವನ ಮಾರಿ ಹೆಂಗಾಗಿತ್ತಕ್ಕಾ? ಇನ್ನೊಮ್ಮೆ ಹೇಳು’ ಎಂದಳು ತಂಗಿ. ಮೂರು ಸಲ ಹೇಳಿದೆ, ಮೂರು ಸಲವೂ ಸಿಹಿಯಾಗಿತ್ತು. ಅವ್ವ ಮಾತ್ರ, ‘ಆತು ಬಿಡವ್ವಾ. ಇನ್ನ ಅಲ್ಲಿ ನಿನ್ನ ಕೂಡ ಕನ್ನಡ ಮಾತಾಡಾಕ ಯಾರದಾರ?’ ಎಂದಳು.

ಪಶ್ಚಾತ್ತಾಪವಿಲ್ಲ. ಇನ್ನೊಮ್ಮೆ ಆದರೂ ಹಾಗೇ ಮಾಡುವೆ. ಮೊನ್ನೆ ಟ್ರಾಮಿನಲ್ಲಿ ಹಿಂದಿನ ಸೀಟಿನಿಂದ ಅವನ ದನಿ ಕೇಳಿಸಿತು. ಫೋನಿನಲ್ಲಿ ಅಮ್ಮನ ಹತ್ತಿರ, ಸಾರಿಗೆ ಹುಣಸೆ ಎಷ್ಟು ಹಾಕಬೇಕೆಂದು ಕೇಳುತ್ತಿದ್ದ. ನಾನು ತಿರುಗಿ ನೋಡಲಿಲ್ಲ. ಆದರೆ ನನ್ನ ನಿಲ್ದಾಣ ಬಂದರೂ ಇಳಿಯಲಿಲ್ಲ.