ಪಿಸ್ತೂಲಿಗಿಟ್ಟ ಗಂಧದ ಬೊಟ್ಟು

ಬಾಳೆಲೆ ಊರಿನಲ್ಲಿ ನಮ್ಮ ಪಕ್ಕದ ಎಸ್ಟೇಟಿನ ಯಜಮಾನರಿಗೆ ಹಳೆಯ ಸೆಮಿ-ಆಟೋಮ್ಯಾಟಿಕ್ ಪಿಸ್ತೂಲುಗಳ ಹುಚ್ಚು. ಬೆಲ್ಜಿಯಂ, ಸ್ಪೇನ್, ಜರ್ಮನಿ, ಎಲ್ಲೆಲ್ಲಿಯವೋ ಅವರ ಗಾಜಿನ ಬೀರುವಿನಲ್ಲಿದ್ದವು. ಮನೆಗೆ ಹೋದವರಿಗೆ ಕಾಫಿಗಿಂತ ಮೊದಲು ಪಿಸ್ತೂಲಿನ ದರ್ಶನ. ಬಿಳಿ ಕೈಗವಸು ಹಾಕಿಕೊಂಡು, ಹಸುಗೂಸನ್ನು ಎತ್ತುವಂತೆ ಒಂದೊಂದನ್ನೇ ಎತ್ತಿ, "ನೋಡಿ, ಪೂರ್ತಿ ಒರಿಜಿನಲ್. ಒಂದು ಸ್ಕ್ರೂ ಕೂಡ ಬದಲಾಗಿಲ್ಲ" ಎನ್ನುತ್ತಿದ್ದರು. ನಾವು ಹತ್ತಿರ ನಿಂತು ಉಸಿರು ಬಿಟ್ಟರೂ ಅವರಿಗೆ ತುಕ್ಕಿನ ಭಯ.

ಒಂದು ವರ್ಷ ಕೈಲ್ ಮುಹೂರ್ತದ, ಅಂದರೆ ಆಯುಧ ಪೂಜಿಸುವ ಹಬ್ಬದ ದಿನ ಮನೆಯ ಕೋವಿಗಳನ್ನೆಲ್ಲ ದೀಪದ ಮುಂದಿಟ್ಟು ಪೂಜಿಸುವಾಗ, ಅವರ ತಾಯಿ ಬೆಲ್ಜಿಯಂ ಪಿಸ್ತೂಲನ್ನೂ ತಂದಿಟ್ಟು, ಅದರ ಮರದ ಹಿಡಿಗೆ ಗಂಧದ ಬೊಟ್ಟು ಒತ್ತಿಬಿಟ್ಟರು.

"ಅಯ್ಯೋ ಅವ್ವಾ, ಪಾಲಿಶ್ ಹೋಯ್ತಲ್ಲಾ!" ಎಂದು ಇವರು ಕೂಗಿದರು.

"ಸುಮ್ನಿರು. ನಮ್ಮನೆಗೆ ಬಂದ್ಮೇಲೆ ಅದಕ್ಕೂ ಹಬ್ಬ ಬೇಡ್ವಾ?" ಎಂದರು ತಾಯಿ.

ಅಂದಿನ ಹಂದಿ ಕರಿಯನ್ನು ಇವರು ಮುಖ ಊದಿಸಿಕೊಂಡೇ ಉಂಡರು. ಎರಡು ಸಲ ಬಡಿಸಿಕೊಂಡರು, ಅದು ಬೇರೆ ಮಾತು.

ಮರುವರ್ಷ ಮೈಸೂರಿನಿಂದ ಇನ್ನೊಬ್ಬ ಸಂಗ್ರಾಹಕರು ಬಂದಿದ್ದರು. ಆ ಪಿಸ್ತೂಲನ್ನು ತಿರುಗಿಸಿ ನೋಡಿ, "ಹಿಡಿಯ ಮೇಲೇನೋ ಕಲೆ ಇದೆಯಲ್ಲ" ಎಂದು ಕರವಸ್ತ್ರ ತೆಗೆದರು. ನಮ್ಮ ನೆರೆಯವರು ಹಾರಿ ಬಂದು ಅವರ ಕೈ ಹಿಡಿದರು.

"ಒರೆಸ್ಬೇಡಿ ಸಾರ್! ಅದೂ ಒರಿಜಿನಲ್ಲೇ."