‘ಚೆಲ್ಲಿತು’ ಅಲ್ಲ, ‘ಚೆಲ್ಲಿದೆ’

ವಿಮಾನ ನಗರದ ನಮ್ಮ ವಸತಿ ಸೊಸೈಟಿಯ ಸಭಾಂಗಣದಲ್ಲಿ ಪ್ರತಿ ಶನಿವಾರ ಹನ್ನೊಂದು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಎಲ್ಲರೂ ಎಂಟೊಂಬತ್ತು ವರ್ಷದವರು, ಧಾರವಾಡ ಬೆಳಗಾವಿ ಕಡೆಯಿಂದ ಈ ಮರಾಠಿ ಊರಿಗೆ ಬಂದು ನೆಲೆಸಿದ ಮನೆಗಳವರು. ಆಟಕ್ಕೆ ಮರಾಠಿ, ಅಕ್ಕೋರಾದ ನನ್ನ ಮುಂದೆ ಕನ್ನಡ. ಅಕ್ಷರಕ್ಕಿಂತ ಮೊದಲು ನಾನು ಅವರಿಗೆ ಕಲಿಸಿದ್ದು ಒಂದು ಮಾತಿನ ಬಾಲ, ಅಂದರೆ ಕ್ರಿಯಾಪದದ ಕೊನೆ.

"ನೀರು ಚೆಲ್ಲಿತ್ರಿ" ಎಂದರೆ ನಾನು ಒಪ್ಪುವುದಿಲ್ಲ. ತಾನಾಗಿ ಚೆಲ್ಲಿಕೊಳ್ಳಲು ನೀರಿಗೇನು ಕೈಕಾಲಿದೆಯೇ? "ನಾ ಚೆಲ್ಲಿದೆ" ಅನ್ನಬೇಕು. ಆಮೇಲೆ ಬೈಗುಳವಿಲ್ಲ, ಅರಿವೆ ತಂದು ತಾನೇ ಒರೆಸಿದರೆ ಮುಗಿಯಿತು. ಪುಸ್ತಕ "ಮನ್ಯಾಗ ಉಳೀತು" ಅಲ್ಲ, "ನಾ ಬಿಟ್ಟು ಬಂದೆ". ಮೊದಮೊದಲು ತಾಯಂದಿರು ಪುಸ್ತಕ ಹಿಡಿದು ಓಡಿಬರುತ್ತಿದ್ದರು. ಬಾಗಿಲಲ್ಲೇ ತಿರುಗಿ ಕಳಿಸಿದೆ. ಒಬ್ಬರು ಸಿಟ್ಟಾದರು; ಆಗಲಿ ಎಂದೆ. ಎರಡು ತಿಂಗಳಲ್ಲಿ ಮಕ್ಕಳು ತಂತಮ್ಮ ಚೀಲ ತಾವೇ ತುಂಬಿಕೊಳ್ಳತೊಡಗಿದರು. ನನ್ನ ಪದ್ಧತಿಯ ಬಗ್ಗೆ ನನಗೆ ಈಗಲೂ ಹೆಮ್ಮೆಯೇ.

ರಾಜ್ಯೋತ್ಸವಕ್ಕೆ ಮಕ್ಕಳೇ ಬರೆದ ಕತೆಗಳನ್ನು ಗೋಡೆಗೆ ಅಂಟಿಸುವುದೆಂದಾಯಿತು. ಹಿಂದಿನ ದಿನ ಎಣಿಸಿದರೆ ಹತ್ತೇ ಇದ್ದವು. ಎಲ್ಲರಿಗಿಂತ ಮೆತ್ತಗಿನ ಹುಡುಗಿಯ ಕತೆ ಇರಲಿಲ್ಲ. ಅದನ್ನು ನೋಡಲೆಂದೇ ಅವಳ ಅಜ್ಜಿ ಬೆಳಗಾವಿಯಿಂದ ಬಂದಿದ್ದರು.

"ನಾ ಕೊಟ್ಟೀನ್ರಿ ಅಕ್ಕೋರ" ಎಂದಳು.

"ಕೊಟ್ಟಿಲ್ಲ. ನಾ ಮರತೆ ಅನ್ನು, ಆತು."

ಅವಳು ಅನ್ನಲಿಲ್ಲ. ಎಲ್ಲರೆದುರು ಮೂರು ಸಲ ಕೇಳಿದೆ. ಕಣ್ಣು ತುಂಬಿ ಬಂತೇ ಹೊರತು ಆ ಮಾತು ಬರಲಿಲ್ಲ. ಭಾರಿ ಹಟಮಾರಿ ಎಂದುಕೊಂಡು ಮನೆಗೆ ಹೋದೆ.

ಸಂಜೆ ಕೊತ್ತಂಬರಿ ತೆಗೆಯಲು ನನ್ನ ಚೀಲಕ್ಕೆ ಕೈಹಾಕಿದರೆ, ತಳದಲ್ಲಿ ಮಡಚಿದ ಹಾಳೆ. ಅವಳದೇ ಅಕ್ಷರ; ಹೋದ ವಾರ ಅವಳ ಕೈಯಿಂದ ತೆಗೆದುಕೊಂಡು ನಾನೇ ಇಟ್ಟದ್ದು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವುದು ನನ್ನಂಥವರಿಗೇ. ತುಂಬಾ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಮಕ್ಕಳು ಕತೆಗಳನ್ನು ಅಂಟಿಸುತ್ತಿದ್ದರು. ಹಾಳೆ ಮುಂದೆ ಹಿಡಿದು, "ಇದು ನನ್ನ ಚೀಲದಾಗ ಉಳೀತು" ಎಂದೆ.

ಹನ್ನೊಂದು ಜೋಡಿ ಕೈ ನಿಂತವು. ಹುಡುಗಿ ಹಾಳೆ ತೆಗೆದುಕೊಳ್ಳಲಿಲ್ಲ, ನನ್ನ ಮುಖವನ್ನೇ ನೋಡಿದಳು. ನನ್ನ ಬಾಯಿಂದ ಬಂದದ್ದು ನನಗೂ ಆಗ ಕೇಳಿಸಿತು.

"ನಾ ಮರತೆ" ಎಂದೆ. "ಮರತು, ತಪ್ಪು ನಿನ್ನ ಮ್ಯಾಲೆ ಹಾಕಿದೆ."

ಅವಳು ಅಂಟಿನ ಬಾಟಲಿ ನನ್ನ ಕೈಗಿಟ್ಟಳು. "ಹಂಗಾದ್ರ ನೀವ ಅಂಟಸಬೇಕ್ರಿ."

ನಿಯಮ ನನ್ನದೇ. ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದೆ.

"ಇನ್ನ ಸ್ವಲ್ಪ ಕೆಳಗ್ರಿ ಅಕ್ಕೋರ," ಎಂದಳು. "ನಮ್ಮ ಅಜ್ಜಿ ಗಿಡ್ಡ ಅದಾಳ."