ಪಿಕಪ್ಪಿಗೆ ತಕ್ಕ ಮನೆ

ಅಮೆರಿಕದ ನೆಬ್ರಾಸ್ಕದ ಹ್ರಾಡೆಕ್ ಊರಲ್ಲಿ ಆಲ್ಬೀನಾ ಕುಚೇರಾ ಅಕಾರ್ಡಿಯನ್ ಹೆಗಲಿಗೇರಿಸಿದಳೆಂದರೆ ಊರುಗೋಲು ಹಿಡಿದವರೂ ಪೋಲ್ಕಾ ಕುಣಿಯಲು ಎದ್ದು ನಿಲ್ಲುತ್ತಿದ್ದರು. ಗಂಡ ಲೂಡ್ವಿಕ್ ಟ್ಯೂಬಾ ಊದುತ್ತಿದ್ದ, ತಮ್ಮ ಎಮಿಲ್ ಡ್ರಮ್ ಬಾರಿಸುತ್ತಿದ್ದ. ಸುತ್ತಲಿನ ಯಾವ ಮದುವೆಯೂ ಇವರಿಲ್ಲದೆ ಆಗುತ್ತಿರಲಿಲ್ಲ. ಆದರೆ ಎಲ್ಲಿಗೇ ಹೋಗಲಿ, ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ವಾಪಸ್ಸು ಕೊಟ್ಟಿಗೆಯಲ್ಲಿರಬೇಕಿತ್ತು. ಹಾಗಾಗಿ ದೂರದ ಊರಿನ ಕರೆಗಳಿಗೆಲ್ಲ ಆಲ್ಬೀನಾ ಇಲ್ಲವೆಂದೇ ಹೇಳುತ್ತ ಬಂದಿದ್ದಳು. ಅರವತ್ತಮೂರಕ್ಕೆ ಬಂದಾಗ ಹಸುಗಳನ್ನು ಮಾರಿದಳು. ಮಾರಿದ್ದೇ ತಡ, ಮೇಜಿನ ಮೇಲೆ ಭೂಪಟ ಹರಡಿಕೊಂಡು ಕುಳಿತಳು.

"ಈ ಬೇಸಿಗೇಲಿ ಡಕೋಟಾ, ಮಿನ್ನೆಸೋಟ, ಎಲ್ಲಾ ಕಡೆ ಬಾರಿಸೋದೇ. ಲಾಡ್ಜಿನ ಹಾಸಿಗೆ ನಂಗಾಗಲ್ಲ. ಮನೇನೇ ಕಟ್ಕೊಂಡು ಎಳ್ಕೊಂಡು ಹೋಗೋಣ" ಎಂದಳು.

"ನಿನ್ನ ಹುಚ್ಚಿಗೆ ನಾನು ಅಡ್ಡ ಬಂದಿದ್ದು ಯಾವತ್ತು?" ಎಂದ ಲೂಡ್ವಿಕ್, ಬಾಯಿ ತುಂಬ ಗಸಗಸೆ ತುಂಬಿದ ಕೋಲಾಚಿ ಬನ್ನು ಇಟ್ಟುಕೊಂಡು.

ಹಾಗೆ ಎಳೆದೊಯ್ಯುವ ಮನೆ-ಟ್ರೇಲರ್ ಮಾರುವವನ ಅಂಗಳದಲ್ಲಿ ಆಲ್ಬೀನಾಳ ಕಣ್ಣು ಮೂವತ್ತನಾಲ್ಕು ಅಡಿ ಉದ್ದದ ಒಂದರ ಮೇಲೆ ಬಿತ್ತು. ಒಳಗೆ ಸೋಫಾ, ದೊಡ್ಡ ಅಡುಗೆಕಟ್ಟೆ, ಸಾಲದ್ದಕ್ಕೆ ಗೋಡೆಯಲ್ಲೊಂದು ಅಗ್ಗಿಷ್ಟಿಕೆ! ಅವಳು ಚಿಕ್ಕ ಹುಡುಗಿಯಂತೆ ಒಂದೊಂದೇ ಬೀರುವಿನ ಬಾಗಿಲು ತೆಗೆದು ಮುಚ್ಚಿದಳು.

"ನಿಮ್ಮ ಪಿಕಪ್ ಹನ್ನೊಂದು ಸಾವಿರ ಪೌಂಡ್ ಎಳೆಯುತ್ತೆ ಮೇಡಂ. ಇದು ಸಾಮಾನು ತುಂಬಿದ್ರೂ ಒಂಬತ್ತು ಸಾವಿರ ದಾಟಲ್ಲ. ಕಣ್ಮುಚ್ಕೊಂಡು ತಗೊಳ್ಳಿ" ಎಂದ ಮಾರುವವ.

"ಕಣ್ಮುಚ್ಕೊಂಡು ಗಾಡಿ ಓಡ್ಸೋಕಾಗುತ್ತೇನಪ್ಪಾ? ಒಂದು ಸುತ್ತು ಎಳೆದು ನೋಡ್ತೀನಿ, ಕೊಂಡಿ ಹಾಕು."

ಟ್ರೇಲರಿನಲ್ಲಿ ವಾದ್ಯಗಳು ಹಿಡಿಸುತ್ತವೋ ಇಲ್ಲವೋ ನೋಡಲೆಂದು ಅವನ್ನೂ ಪಿಕಪ್ಪಿನ ಹಿಂಬದಿಯಲ್ಲಿ ಹೇರಿಕೊಂಡೇ ಬಂದಿದ್ದರು. ಮೂವರೂ ಹತ್ತಿ ಹೆದ್ದಾರಿಗೆ ಬಂದರು. ಎಂಜಿನ್ನೇನೋ ಸಲೀಸಾಗಿ ಎಳೆಯಿತು. ಆದರೆ ಪಿಕಪ್ಪಿನ ಹಿಂಭಾಗ ಕುಸಿದು ಮೂತಿ ಮೇಲೆದ್ದಿತ್ತು. ಸ್ಟೀರಿಂಗ್ ಕೈಯಲ್ಲಿ ಹಗುರವಾಗಿ ತೇಲುತ್ತಿತ್ತು. ಅಷ್ಟರಲ್ಲಿ ಪಕ್ಕದಲ್ಲೇ ದೊಡ್ಡ ಲಾರಿಯೊಂದು ರೊಯ್ಯನೆ ಹಾದುಹೋಯಿತು. ಟ್ರೇಲರ್ ಅತ್ತಿತ್ತ ಹೊಯ್ದಾಡತೊಡಗಿತು.

"ಬ್ರೇಕು, ಬ್ರೇಕು!" ಎಂದು ಎಮಿಲ್ ಕಿರುಚಿದ.

"ಬಾಯ್ಮುಚ್ಚೋ!" ಆಲ್ಬೀನಾ ಪಿಕಪ್ಪಿನ ಬ್ರೇಕ್ ಮುಟ್ಟಲಿಲ್ಲ. ಹದಿನಾರನೇ ವಯಸ್ಸಿನಿಂದ ದನದ ಟ್ರೇಲರ್ ಎಳೆದ ಕೈ ಅದು. ಸ್ಟೀರಿಂಗನ್ನು ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿಗೆಂದೇ ಇರುವ ಬ್ರೇಕಿನ ಹಿಡಿಯನ್ನಷ್ಟೇ ಕೈಯಿಂದ ಮೆಲ್ಲಗೆ ಹಿಸುಕಿದಳು. ಓಲಾಟ ನಿಂತಿತು. ಅವಳ ಕಣ್ಣು ಹೊಳೆಯುತ್ತಿತ್ತು. "ಎಳೆಯೋದಕ್ಕೆ ಶಕ್ತಿ ಇದೆ. ಆದ್ರೆ ಹೊರೋಕಾಗ್ತಿಲ್ಲ ಪಾಪ. ನಡೀರಿ, ತೂಗೇಬಿಡೋಣ!"

ಮೆಕ್ಕೆಜೋಳದ ಲಾರಿಗಳನ್ನು ತೂಗುವ ವೇಬ್ರಿಡ್ಜ್ ಮಿಲೋ ಪೇಶೆಕ್‌ನ ಸುಪರ್ದಿಯಲ್ಲಿತ್ತು. ಅಲ್ಲಿ ಕೆಲಸವಿಲ್ಲದೆ ಕಾಫಿ ಕುಡಿಯುತ್ತಿದ್ದ ರೈತರೆಲ್ಲ ಎದ್ದು ಬಂದರು. ಆಲ್ಬೀನಾ ಟ್ರೇಲರಿನ ಚಕ್ರಗಳನ್ನು ಹೊರಗೇ ಬಿಟ್ಟು ಪಿಕಪ್ಪನ್ನಷ್ಟೇ ಕಟ್ಟೆಯ ಮೇಲೆ ನಿಲ್ಲಿಸಿದಳು. ಕೊಂಡಿಯ ಮೇಲೆ ಟ್ರೇಲರ್ ಎಷ್ಟು ಭಾರ ಹೇರಿದೆ ಎನ್ನುವುದೂ ಆಗ ಲೆಕ್ಕಕ್ಕೆ ಬರುತ್ತದೆ. ಪಿಕಪ್ಪಿನ ಬಾಗಿಲ ಅಂಚಿಗೆ ಅಂಟಿಸಿದ ಚೀಟಿಯ ಪ್ರಕಾರ ಆ ಒಟ್ಟು ತೂಕ ಏಳು ಸಾವಿರ ಪೌಂಡ್ ದಾಟುವಂತಿಲ್ಲ.

"ಏಳು ಸಾವಿರದ ನಾನೂರ ನಲವತ್ತು!" ಮಿಲೋ ಕಿಟಕಿಯಿಂದ ಕೂಗಿದ.

ವಾದ್ಯಗಳನ್ನು ಇಳಿಸಿದರು. ಇನ್ನೂ ನೂರ ಎಂಬತ್ತು ಹೆಚ್ಚು. ಎಮಿಲ್ ಇಳಿದ.

"ಇನ್ನೂರ ಎಂಬತ್ತು ಇಳೀತು! ನೀನು ಇನ್ನೂರ ಮೂವತ್ತು ಅಂತಿದ್ಯಲ್ಲೋ ಎಮಿಲ್? ಮಿಕ್ಕ ಐವತ್ತು ಯಾರದು?" ಎಂದ ಮಿಲೋ.

"ಜೇಬಲ್ಲಿ ಚಿಲ್ರೆ ಇತ್ತು ಕಣೋ" ಎಂದ ಎಮಿಲ್. ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಅವನ ಮುಖ ಸಣ್ಣಗಾಯಿತು. "ಅಂದ್ರೆ ನನ್ನೇ ಬಿಟ್ಟು ಹೋಗ್ತೀಯೇನಕ್ಕಾ?"

ಆಲ್ಬೀನಾ ಟ್ರೇಲರಿನ ಕಡೆ ಒಮ್ಮೆ ನೋಡಿದಳು. ಬೀರುಗಳಿನ್ನೂ ಖಾಲಿ, ಪಾತ್ರೆ, ಬಟ್ಟೆ, ನೀರು ಯಾವುದೂ ಏರಿಲ್ಲ. "ಡ್ರಮ್ಮಿಲ್ದೆ ಪೋಲ್ಕಾನಾ? ಅಗ್ಗಿಷ್ಟಿಕೆ ಇಳಿಯುತ್ತೆ, ನೀನಲ್ಲ. ಜೂನ್ ಬಿಸಿಲಲ್ಲಿ ಬೆಂಕಿ ಕಾಯಿಸ್ಕೊಳ್ಳೋಕೆ ನಮಗೇನು ತಲೆ ಕೆಟ್ಟಿದ್ಯಾ?"

ಮಾರುವವನೂ ಒಳ್ಳೆಯವನೇ. ಟ್ರೇಲರನ್ನು ವಾಪಸ್ಸು ತಂದ ಅವಳು ಹೇಳಿದ ತೂಕಗಳನ್ನು ಕೇಳಿ, "ಇದು ನಂಗೂ ಹೊಳೀಲಿಲ್ಲ ಮೇಡಂ" ಎಂದು ತಲೆ ಕೆರೆದುಕೊಂಡು, ಇಪ್ಪತ್ತಾರು ಅಡಿಯದೊಂದನ್ನು ಎಳೆದು ತಂದ. ಮೂರು ಹಾಸಿಗೆ, ಪುಟ್ಟ ಒಲೆ, ಒಂದು ಕಿಟಕಿ ಮಾತ್ರ ಭಾರಿ ಅಗಲ. ಅದನ್ನೇ ತಂದರು. ವಾರವಿಡೀ ತುಂಬಿದರು: ಬಾಣಲೆ, ಬಾತುಕೋಳಿ ಗರಿಯ ದಿಂಬುಗಳು, ಕುಣಿತದ ಬೂಟುಗಳು. ಡ್ರಮ್ಮು, ಟ್ಯೂಬಾಗಳನ್ನು ಟ್ರೇಲರಿನ ಒಳಗೇ ಕೊಂಡಿಗೆ ಭಾರ ಬೀಳದಂತೆ ಚಕ್ರಗಳ ನೇರಕ್ಕೆ ಬಿಗಿದು ಕಟ್ಟಿದರು. ಹೊರಡುವ ದಿನ ಬೆಳಿಗ್ಗೆ ವೇಬ್ರಿಡ್ಜ್ ಬಳಿ ಅರ್ಧ ಊರೇ ಸೇರಿತ್ತು.

"ಏಳು ಸಾವಿರದ ಎಂಬತ್ತು!"

ಜನ ಅಯ್ಯೋ ಎಂದರು. ಎಮಿಲ್ ತಿನ್ನುತ್ತಿದ್ದ ಕೋಲಾಚಿಯನ್ನು ಅರ್ಧಕ್ಕೇ ಕೆಳಗಿಟ್ಟ. ಆಲ್ಬೀನಾ ಇಳಿದು ಸೊಂಟದ ಮೇಲೆ ಕೈಯಿಟ್ಟು ಪಿಕಪ್ಪಿನ ಸುತ್ತ ಬಂದಳು. ಹಿಂಬದಿಯ ಮೂಲೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ.

"ಲೂಡ್ವಿಕ್, ಇದ್ರಲ್ಲೇನಿದೆ?"

"ಅಪ್ಪನ ಕಾಲದ ಸರಪಳಿ. ಬೇಕಾಗುತ್ತೆ ಬಿಡು."

"ಯಾವಾಗ ಬೇಕಾಗಿತ್ತು ಹೇಳು."

ಲೂಡ್ವಿಕ್ ತಾನೇ ಹಿಂಬದಿಯ ಬಾಗಿಲು ತೆರೆದ. ಇಬ್ಬರು ರೈತರು ಏದುಸಿರು ಬಿಡುತ್ತ ಪೆಟ್ಟಿಗೆ ಇಳಿಸಿದರು. ಮೂವರೂ ಮತ್ತೆ ಹತ್ತಿದರು.

"ಆರು ಸಾವಿರದ ಒಂಬೈನೂರ ಇಪ್ಪತ್ತು!" ಎಂದು ಮಿಲೋ ಕೂಗುತ್ತಲೇ ಟೋಪಿಗಳು ಗಾಳಿಗೆ ಹಾರಿದವು. ಟ್ರೇಲರನ್ನೂ ತೂಗಿದಾಗ ಅದು ಎಳೆಯುವ ಶಕ್ತಿಯ ಒಳಗೆ ಆರಾಮಾಗಿ ಕುಳಿತಿತ್ತು. ಆಲ್ಬೀನಾ ಗಂಡನನ್ನು ಎಲ್ಲರೆದುರಿಗೇ ತಬ್ಬಿ ಮುತ್ತಿಟ್ಟಳು.

ಮಿಸ್ಸೂರಿ ನದಿಯ ಇಳಿಜಾರಿನಲ್ಲಿ ಅಡ್ಡಗಾಳಿ ಬೀಸಿತು. ಸಾಲುಸಾಲು ಲಾರಿಗಳು ಹಾದುಹೋದವು. ಟ್ರೇಲರ್ ಒಂದಿಷ್ಟೂ ಅಲುಗದೆ ಹಿಂಬಾಲಿಸಿತು. ಆಲ್ಬೀನಾ ಕಿಟಕಿ ಇಳಿಸಿ ಸೇತುವೆಯುದ್ದಕ್ಕೂ ಹೋ ಎಂದು ಕೂಗಿದಳು. ಆಚೆ ದಡದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಅಲ್ಲಿನ ಹೆಂಗಸು, "ಏನಮ್ಮಾ, ಇಷ್ಟು ಖುಷಿಯಾಗಿದೀರಿ, ಎಲ್ಲಿಗೆ ಸವಾರಿ?" ಎಂದು ಕೇಳಿದಳು.

ಆಲ್ಬೀನಾ ಟ್ರೇಲರಿನ ಬಾಗಿಲು ತೆಗೆದು ಅಕಾರ್ಡಿಯನ್ ಹೊರಗೆಳೆದಳು. ಎಮಿಲ್ ಖಾಲಿ ಡಬ್ಬವೊಂದನ್ನು ಬೋರಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆಲ್ಲ ಇಬ್ಬರು ಲಾರಿ ಡ್ರೈವರುಗಳು ಪಂಪಿನ ಪಕ್ಕದಲ್ಲೇ ಕುಣಿಯುತ್ತಿದ್ದರು.